ಕಂಪ್ಯೂಟರ್ ಕಳ್ಳನ ಕೈಗೆ ಹೋದರೂ ಫೈಲುಗಳು ಹೋಗಬಾರದು

ನಮ್ಮ ಮನೆಮಂದಿಯ ಕಂಪ್ಯೂಟರಿಗೆಲ್ಲ ಲಿನಕ್ಸ್ (ವಿಂಡೋಸ್ ತರಹದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿಕೊಡುವವನು ನಾನು. "ಪಾಸ್‌ವರ್ಡ್ ಇದೆಯಲ್ಲ, ಇನ್ನೇನು ಭಯ?" ಅಂತ ಎಲ್ಲರೂ ಕೇಳುತ್ತಾರೆ. ಆಗ ನಾನು ಲೈವ್ ಪೆನ್‌ಡ್ರೈವ್, ಅಂದರೆ ಇಡೀ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಹಾಕಿ, ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿ (ಶುರು ಮಾಡಿ) ತೋರಿಸುತ್ತೇನೆ. ಫೋಟೊ, ಬ್ಯಾಂಕಿನ ಕಾಗದ ಎಲ್ಲ ಕಣ್ಣೆದುರು ಬರುತ್ತವೆ. ಲಾಗಿನ್ ಪಾಸ್‌ವರ್ಡ್ ಕೇಳುವುದೇ ಇಲ್ಲ. ಪೆನ್‌ಡ್ರೈವ್ ಇಲ್ಲದೆಯೂ, ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಕರ್ನಲ್ (ಲಿನಕ್ಸಿನ ತಿರುಳು) ಶುರು ಮಾಡುವ ಸಾಲನ್ನು ತಿದ್ದಿ, ಎಲ್ಲ ಅಧಿಕಾರ ಇರುವ ರೂಟ್ ಆಗಿ ಒಳಗೆ ಹೋಗಬಹುದು.

ಹಾಗಾಗಿ ಮೊದಲು ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿ ಇಲ್ಲದೆ ಯಾರಿಗೂ ಓದಲಾಗದ ಹಾಗೆ ಮಾಡಿ. ಲಿನಕ್ಸ್‌ನಲ್ಲಿ ಇದಕ್ಕೆ ಲಕ್ಸ್ (LUKS) ಎಂಬ ವ್ಯವಸ್ಥೆ ಇದೆ. ಉಬುಂಟು, ಫೆಡೋರಾ, ಡೆಬಿಯನ್ ಎಂಬ ಮೂರು ಲಿನಕ್ಸ್ ಬಗೆಗಳಲ್ಲೂ ಇನ್‌ಸ್ಟಾಲ್ ಮಾಡುವಾಗಲೇ ಈ ಆಯ್ಕೆ ಸಿಗುತ್ತದೆ. ಈಗಾಗಲೇ ಬಳಸುತ್ತಿರುವ ಕಂಪ್ಯೂಟರ್ ಆದರೆ, ಬ್ಯಾಕಪ್ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ವಾಸಿ. ಹೋಮ್ ಫೋಲ್ಡರ್ ಮಾತ್ರ ಎನ್‌ಕ್ರಿಪ್ಟ್ ಮಾಡಿದರೆ ಸಾಲದು. ಸ್ವಾಪ್‌ನಲ್ಲಿ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಜಾಗ), ತಾತ್ಕಾಲಿಕ ಫೈಲುಗಳಲ್ಲಿ ನಿಮ್ಮ ಮಾಹಿತಿಯ ಚೂರುಗಳು ಉಳಿದಿರುತ್ತವೆ.

ಡಿಸ್ಕ್ ತೆರೆಯುವ ಪಾಸ್‌ಫ್ರೇಸ್‌ಗೆ (ಹಲವು ಪದಗಳ ಪಾಸ್‌ವರ್ಡ್) ಒಂದಕ್ಕೊಂದು ಸಂಬಂಧವಿಲ್ಲದ ಆರು ಪದ ಇಡಿ. ಪದಗಳನ್ನು ನೀವೇ ಯೋಚಿಸಬೇಡಿ, ಪದಪಟ್ಟಿ ಇಟ್ಟುಕೊಂಡು ದಾಳ ಹಾಕಿ ಆರಿಸಿ. ಮರೆತರೆ ಯಾರಿಂದಲೂ ಡಿಸ್ಕ್ ತೆರೆಯಲು ಆಗುವುದಿಲ್ಲ. ಅದಕ್ಕೇ ಕಾಗದದಲ್ಲಿ ಬರೆದು ಕಂಪ್ಯೂಟರಿನಿಂದ ದೂರ ಇಡಿ. ಲಕ್ಸ್ ಹೆಡರ್‌ನ (ಕೀಲಿಯ ವಿವರ ಇರುವ, ಡಿಸ್ಕಿನ ಆರಂಭದ ಭಾಗ) ಬ್ಯಾಕಪ್ಪನ್ನೂ ಕ್ರಿಪ್ಟ್‌ಸೆಟಪ್ ಎಂಬ ಕಮಾಂಡಿನಿಂದ ತೆಗೆದು ಬೇರೆ ಕಡೆ ಇಡಿ. ಹೆಡರ್ ಕೆಟ್ಟರೆ ಸರಿಯಾದ ಪಾಸ್‌ಫ್ರೇಸ್ ಇದ್ದೂ ಪ್ರಯೋಜನವಿಲ್ಲ.

ಇನ್ನು ಜನ ಜಾಸ್ತಿ ಅಸಡ್ಡೆ ಮಾಡುವ ವಿಷಯ. ಕಂಪ್ಯೂಟರ್ ಆನ್ ಇರುವಷ್ಟು ಹೊತ್ತೂ ಡಿಸ್ಕಿನ ಕೀಲಿ ಮೆಮೊರಿಯಲ್ಲೇ ಇರುತ್ತದೆ. ಸಸ್ಪೆಂಡ್ ಮಾಡಿದರೂ (ಆಫ್ ಮಾಡದೆ ನಿದ್ದೆಗೆ ಕಳಿಸಿದರೂ) ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮೆಮೊರಿ ಚಿಪ್‌ಗಳನ್ನು ತಣ್ಣಗೆ ಮಾಡಿದರೆ ಕರೆಂಟ್ ಹೋದ ಮೇಲೂ ಕೀಲಿಯನ್ನು ಹೊರತೆಗೆಯಬಹುದು ಅಂತ 2008ರಲ್ಲೇ ಪ್ರಿನ್ಸ್‌ಟನ್‌ನ ಸಂಶೋಧಕರು ತೋರಿಸಿದ್ದಾರೆ. ಮನೆಗಳ್ಳ ಅಷ್ಟು ಕಷ್ಟಪಡಲಿಕ್ಕಿಲ್ಲ. ಆದರೂ ಊರಿಗೆ ಹೊರಟಾಗ, ರಾತ್ರಿ ಮಲಗುವಾಗ ಪೂರ್ತಿ ಶಟ್‌ಡೌನ್ ಮಾಡಿ. ಸುಮ್ನೆ ಎದ್ದು ಹೋಗುವಾಗ ಸ್ಕ್ರೀನ್ ಲಾಕ್ ಮಾಡಿ.

ಪಾಸ್‌ಫ್ರೇಸ್ ಹೊಡೆಯುವುದು ಬೇಜಾರು ಅಂತ ಟಿಪಿಎಂ ಚಿಪ್‌ನಿಂದ (ಕಂಪ್ಯೂಟರಿನೊಳಗೇ ಕೀಲಿ ಕಾಪಾಡುವ ಚಿಪ್) ಡಿಸ್ಕ್ ತಾನಾಗೇ ತೆರೆಯುವ ಹಾಗೆ ಮಾಡುವವರಿದ್ದಾರೆ. ಇಡೀ ಕಂಪ್ಯೂಟರ್ ಕಳುವಾದರೆ ಕಳ್ಳನ ಮನೆಯಲ್ಲೂ ಅದು ತಾನಾಗೇ ತೆರೆಯುತ್ತದೆ, ಅಲ್ವಾ? ಟಿಪಿಎಂ ಬೇಕೇ ಬೇಕು ಅಂದರೆ ಜೊತೆಗೆ ಪಿನ್ ಇಡಿ.

ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಪಾಸ್‌ವರ್ಡ್, ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ತಂತ್ರಾಂಶವನ್ನು ತಡೆಯುವ ಸೌಲಭ್ಯ), ಗ್ರಬ್ ಪಾಸ್‌ವರ್ಡ್ ಇವನ್ನೂ ಹಾಕಿ. ಕಂಪ್ಯೂಟರ್ ಶುರು ಮಾಡುವ ಬೂಟ್ ಭಾಗವನ್ನು ಗುಟ್ಟಾಗಿ ತಿದ್ದಿ ಪಾಸ್‌ಫ್ರೇಸ್ ಕದಿಯುವವರಿಗೆ ಇವು ತೊಡಕಾಗುತ್ತವೆ. ಆದರೆ ಎನ್‌ಕ್ರಿಪ್ಷನ್ ಬದಲು ಇವನ್ನೇ ನಂಬಬೇಡಿ. ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಪೆಟ್ಟಿಗೆ ಬಿಚ್ಚಿ ಮದರ್‌ಬೋರ್ಡಿನ ಬ್ಯಾಟರಿ ತೆಗೆದರೆ ಬಯೋಸ್ ಪಾಸ್‌ವರ್ಡ್ ಅಳಿಸಿಹೋಗುತ್ತದೆ. ಡಿಸ್ಕನ್ನೇ ಬಿಚ್ಚಿಕೊಂಡು ಹೋದರಂತೂ ಈ ಮೂರೂ ಲೆಕ್ಕಕ್ಕಿಲ್ಲ.

ಬ್ಯಾಕಪ್ ಡಿಸ್ಕ್ ಅದೇ ಮೇಜಿನ ಡ್ರಾಯರಿನಲ್ಲಿ ಎನ್‌ಕ್ರಿಪ್ಟ್ ಆಗದೆ ಬಿದ್ದಿದ್ದರೆ ಕಳ್ಳನಿಗೆ ಅದೊಂದೇ ಸಾಕು. ಅದಕ್ಕೂ ಲಕ್ಸ್ ಹಾಕಿ, ಬೇರೆ ಜಾಗದಲ್ಲಿಡಿ.