ನಿಮ್ಮ ಫೋಟೊ ಎಷ್ಟು ಸಲ ನೋಡಿದ್ದಾರೆ? ಬ್ರೌಸರ್‌ನಲ್ಲೇ ಲೆಕ್ಕ ಸಿಗುತ್ತೆ

ಮಳೆಗಾಲದಲ್ಲಿ ಶೆಟ್ಟಿಹಳ್ಳಿ ಚರ್ಚ್ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿದರೆ ಸಾಕು, ಹಾಸನದ ನಾವೆಲ್ಲ ಕ್ಯಾಮೆರಾ ಹಿಡಿದು ಅತ್ತ ಓಡುತ್ತೇವೆ. ಫೋಟೊ ಹಂಚಿಕೊಳ್ಳುವ ವೆಬ್‌ಸೈಟ್ ಫ್ಲಿಕರ್‌ಗೆ ಅವನ್ನು ಹಾಕಿದ ಮೇಲೆ ಒಂದೇ ಕುತೂಹಲ: ಯಾರಾದರೂ ನೋಡಿದರಾ? ಒಂದೊಂದೇ ಫೋಟೊ ತೆರೆದು ಕೆಳಗಿನ ವ್ಯೂಸ್ ಓದುತ್ತಾ ಕೂರಬೇಕಿಲ್ಲ. ಆ ಅಂಕಿಯನ್ನು ಎಲ್ಲ ಫೋಟೊಗಳ ಪಕ್ಕದಲ್ಲೇ ತೋರಿಸುವ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಹಾಕಿಕೊಳ್ಳಬಹುದು.

ಕಂಪ್ಯೂಟರ್‌ನಲ್ಲಿ ಕ್ರೋಮ್ ವೆಬ್ ಸ್ಟೋರ್ ತೆರೆಯಿರಿ. ಫ್ಲಿಕರ್ ಸ್ಟ್ಯಾಟ್ಸ್ ಎಂದು ಇಂಗ್ಲಿಷ್‌ನಲ್ಲಿ ಹುಡುಕಿ. ಕೊನೆಯ ಸಲ ಯಾವಾಗ ಅಪ್‌ಡೇಟ್ ಆಗಿದೆ ನೋಡಿ, ತೀರಾ ಹಳೆಯದಾದರೆ ಬಿಟ್ಟುಬಿಡಿ. 'ಆ್ಯಡ್ ಟು ಕ್ರೋಮ್' ಒತ್ತಿದಾಗ ಅನುಮತಿ ಕೇಳುವ ಪುಟ್ಟ ಬಾಕ್ಸ್ ಬರುತ್ತದೆ. ಇಲ್ಲಿ ಅವಸರ ಬೇಡ. ಫ್ಲಿಕರ್ ಒಂದರ ಅನುಮತಿ ಕೇಳಿದರೆ ಸರಿ. ಎಲ್ಲ ವೆಬ್‌ಸೈಟ್‌ಗಳ ಮಾಹಿತಿ ಓದುತ್ತೇನೆ, ಬದಲಿಸುತ್ತೇನೆ ಅಂದರೆ ಕ್ಯಾನ್ಸಲ್ ಮಾಡಿ. ಫೋಟೊ ಲೆಕ್ಕಕ್ಕೆ ನಿಮ್ಮ ಬ್ಯಾಂಕ್ ಪುಟ ಯಾಕೆ ಬೇಕು, ಅಲ್ವಾ? ನಾನು ಹಿಂದೊಮ್ಮೆ ಓದದೆ ಒತ್ತಿ, ಹೋದಲ್ಲೆಲ್ಲ ಜಾಹೀರಾತು ನೋಡಿದ್ದೇನೆ.

ಆಮೇಲೆ ಮೇಲ್ಗಡೆ ಪಜಲ್ ಚಿಹ್ನೆ ಒತ್ತಿ, ಎಕ್ಸ್‌ಟೆನ್ಷನ್ ಪಿನ್ ಮಾಡಿ, ಫ್ಲಿಕರ್ ಪುಟವನ್ನು ರಿಫ್ರೆಶ್ ಮಾಡಿ. ಅಷ್ಟೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಇದು ನಡೆಯುವುದಿಲ್ಲ. ಫೈರ್‌ಫಾಕ್ಸ್‌ನಲ್ಲಾದರೆ ಫೋನಿನಲ್ಲೂ ಆ್ಯಡ್-ಆನ್ (ಎಕ್ಸ್‌ಟೆನ್ಷನ್‌ಗೆ ಅಲ್ಲಿನ ಹೆಸರು) ಹಾಕಬಹುದು.

ಅಂಕಿ ಹೇಗೆ ಓದಬೇಕು ಅನ್ನುವುದೇ ಮುಖ್ಯ. ಫ್ಲಿಕರ್ ಎಲ್ಲರಿಗೂ ಕೊಡುವುದು ಒಟ್ಟು ವ್ಯೂಸ್ ಮಾತ್ರ. 'ಇವತ್ತು ಎಷ್ಟು' ಎಂದು ತೋರಿಸಬೇಕಾದರೆ ಎಕ್ಸ್‌ಟೆನ್ಷನ್ ನಿನ್ನೆಯ ಅಂಕಿ ಬರೆದಿಟ್ಟುಕೊಂಡು ಕಳೆಯಬೇಕು. ನಿನ್ನೆ 340 ಇದ್ದು ಇವತ್ತು 352 ಆದರೆ 12. ನೀವು ನಾಲ್ಕು ದಿನ ಸಕಲೇಶಪುರದ ಮದುವೆಮನೆಯಲ್ಲಿದ್ದು ಬ್ರೌಸರ್ ತೆರೆಯದಿದ್ದರೆ, ನಾಲ್ಕೂ ದಿನದ ವ್ಯೂಸ್ ಒಂದೇ ದಿನಕ್ಕೆ ಬೀಳುತ್ತವೆ. ಫೋಟೊ ವೈರಲ್ ಆಯ್ತು ಅಂದುಕೊಳ್ಳಬೇಡಿ. ದುಡ್ಡು ಕೊಡುವ ಪ್ರೊ ಖಾತೆಯವರಿಗೆ ದಿನವಾರು ಲೆಕ್ಕವನ್ನು, ನೋಡುಗರು ಯಾವ ವೆಬ್‌ಸೈಟ್‌ನಿಂದ ಬಂದರು ಅನ್ನುವುದನ್ನು ಫ್ಲಿಕರೇ ಕೊಡುತ್ತದೆ.

ನೋಡಿದವರ ಹೆಸರು ಹೇಳುತ್ತೇವೆ ಅನ್ನುವ ಎಕ್ಸ್‌ಟೆನ್ಷನ್ ಸಿಕ್ಕರೆ ನಂಬಬೇಡಿ. ಪಾಸ್‌ವರ್ಡ್ ಕೇಳಿದರಂತೂ ಆಗಲೇ ತೆಗೆದುಹಾಕಿ.

ಅಂದ ಹಾಗೆ, ಲಾಗಿನ್ ಆಗಿ ನಿಮ್ಮ ಫೋಟೊ ನೀವೇ ನೋಡಿದರೆ ಲೆಕ್ಕಕ್ಕಿಲ್ಲ. ಹೆಂಡತಿಯ ಫೋನಿನಲ್ಲಿ ತೆರೆದರೆ ಸೇರುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡಿ.