ಕೊನೆಗೌಡನ ಮೊಣಕಾಲು, ಕೋರ್ಟಿನ ಲೆಕ್ಕ

ನಾನು ತೀರ್ಥಹಳ್ಳಿ ಕಡೆಯ ಕೊನೆಗೌಡ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವುದೇ ಕಸುಬು. ಮಂಡಗದ್ದೆ ಹತ್ತಿರ ಕಾರೊಂದು ನನ್ನ ಬೈಕಿಗೆ ಗುದ್ದಿ ಬಲ ಮೊಣಕಾಲಿನ ಮೂಳೆ ಮುರಿಯಿತು. ಆಗ ನನಗೆ 38 ವರ್ಷ.

ಆಸ್ಪತ್ರೆಯಲ್ಲಿ ‘ಬೈಕಿನಿಂದ ಬಿದ್ದು ಪೆಟ್ಟು’ ಅಂತ ಬರೆಯಲು ಹೊರಟಿದ್ದರು. ನನ್ನ ಹೆಂಡತಿ ಬಿಡಲಿಲ್ಲ. “ಬಿದ್ದದ್ದಲ್ಲ ಸಾರ್, ಕಾರು ಗುದ್ದಿದ್ದು. ಹಾಗೇ ಬರೀರಿ” ಅಂದಳು. ತಾನೇ ಬಿದ್ದ ಅಂತ ಇದ್ದುಬಿಟ್ಟರೆ ವಿಮಾ ಕಂಪನಿ ವಕೀಲರು ಅದೊಂದನ್ನೇ ಹಿಡಿದುಕೊಳ್ಳುತ್ತಾರೆ. ಕಾರಿನವರು ಖರ್ಚು ಕೊಡ್ತೀವಿ, ಕಂಪ್ಲೇಂಟ್ ಬೇಡ ಅಂದರು. ಭಾವಮೈದ ಕೇಳದೆ ಅವತ್ತೇ ಠಾಣೆಗೆ ಹೋದ.

ಎಫ್‌ಐಆರ್, ಮಹಜರು, ಗಾಯದ ಸರ್ಟಿಫಿಕೇಟು, ಚಾರ್ಜ್‌ಶೀಟು, ನನ್ನ ಡಿಎಲ್ ಎಲ್ಲ ವಕೀಲರಿಗೆ ಕೊಟ್ಟೆ. ಔಷಧಿ ಬಿಲ್ಲುಗಳನ್ನು ಮಾತ್ರ ಅವತ್ತವತ್ತೇ ಜೆರಾಕ್ಸ್ ಮಾಡಿಸಿ. ನನ್ನವು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಚೀಟಿಯಾಗಿದ್ದವು. ಅಪಘಾತದ ಪರಿಹಾರ ಕೇಳಿ ಕೋರ್ಟಿಗೆ ಅರ್ಜಿ ಹಾಕಲು 2022ರ ಏಪ್ರಿಲ್‌ನಿಂದ ಕಾನೂನಿನಲ್ಲಿ 6 ತಿಂಗಳ ಗಡುವು ಬಂದಿದೆ, ಹಾಗಾಗಿ ಪ್ಲಾಸ್ಟರ್ ಬಿಚ್ಚಿದ ಕೂಡಲೇ ಅರ್ಜಿ ಹಾಕಿದೆವು.

ನಿಜವಾದ ಕಷ್ಟ ಶುರುವಾದದ್ದು ಶೇಕಡಾ ಲೆಕ್ಕದಲ್ಲಿ. ಡಾಕ್ಟರು ಕಾಲಿಗೆ 30% ಊನ ಅಂದರು. ಇಡೀ ದೇಹಕ್ಕೆ ಅದರ ಮೂರನೇ ಒಂದು ಪಾಲು, ಅಂದರೆ 10% ಹಿಡಿಯುವುದು ರೂಢಿಯಂತೆ. ತಿಂಗಳಿಗೆ 12,000 ಆದಾಯ, 12 ತಿಂಗಳು, ನನ್ನ ವಯಸ್ಸಿಗೆ ಗುಣಕ (ಎಷ್ಟು ವರ್ಷದ ಆದಾಯ ಹಿಡಿಯಬೇಕು ಅನ್ನುವ ಲೆಕ್ಕ) 15. ಗುಣಿಸಿದರೆ 21,60,000. ಅದರಲ್ಲಿ 10% ಅಂದರೆ 2,16,000. ಆದರೆ ಮೊಣಕಾಲು ಮಡಚದ ಕೊನೆಗೌಡನಿಗೆ ಹೋದದ್ದು ಹತ್ತರಲ್ಲಿ ಒಂದು ಪಾಲಾ?

2010ರಲ್ಲಿ ಸುಪ್ರೀಂ ಕೋರ್ಟು, ಊನ ಎಷ್ಟು ಅನ್ನುವುದಕ್ಕಿಂತ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ನೋಡಿ ಅಂದಿದೆ. ವಕೀಲರು ಅದನ್ನೇ ಹಿಡಿದರು. ನನಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ತೋಟದ ಯಜಮಾನರು ಕೂಲಿ ಬರೆದಿಡುವ ಪುಸ್ತಕ ತಂದು, ನಾನು ಎಷ್ಟು ಮರ ಹತ್ತುತ್ತಿದ್ದೆ, ಈಗ ಯಾಕೆ ಹತ್ತುತ್ತಿಲ್ಲ ಅಂತ ಸಾಕ್ಷಿ ಹೇಳಿದರು. ಎದುರು ವಕೀಲರು “ಕೂತು ಮಾಡುವ ಕೆಲಸ ಇರುತ್ತಲ್ವಾ?” ಅಂದರು. “ಅಡಿಕೆ ಸುಲಿಯಬಹುದು ಸಾರ್. ಆದರೆ ಮರ ಹತ್ತಿದಷ್ಟು ಕೂಲಿ ಅದಕ್ಕೆ ಯಾರು ಕೊಡ್ತಾರೆ?” ಅಂದೆ.

ಕೋರ್ಟು ದುಡಿಮೆಯ ನಷ್ಟವನ್ನೇ 30% ಹಿಡಿಯಿತು: 6,48,000. ಚಿಕಿತ್ಸೆ, ನೋವು, ಕೆಲಸ ತಪ್ಪಿದ ತಿಂಗಳುಗಳಿಗೆ ಬೇರೆ, ಮೇಲೆ ಬಡ್ಡಿ. ಒಂದು ಪಾಲು ಬ್ಯಾಂಕಿನಲ್ಲಿ ಠೇವಣಿ ಇದೆ. ಕೊನೆ ಕೊಯ್ಲು ಬಂದರೆ ಈಗಲೂ ತೋಟಕ್ಕೆ ಹೋಗುತ್ತೇನೆ, ಕೆಳಗೆ ನಿಂತು ಹಗ್ಗ ಹಿಡಿಯುತ್ತೇನೆ.