ಬದುವಿನ ಜಗಳ ಬದುವಿನಲ್ಲಿ ಹುಟ್ಟಲ್ಲ

ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಭೀಮಾ ನದಿ ದಂಡೆಯ ಹಳ್ಳಿಗಳಲ್ಲಿ ಜಮೀನು ಜಗಳ ಬಿಡಿಸೋದು ನನ್ನ ಕೆಲಸ. ಕಾನೂನು ಸೇವಾ ಸಮಿತಿಯ ಸ್ವಯಂಸೇವಕ ಅಂತ ಗುರುತಿನ ಚೀಟಿ ಇದೆ, ಊರಲ್ಲಿ ಅದನ್ನು ಯಾರೂ ಕೇಳಲ್ಲ. ಭೀಮಾ ತೀರ ಅಂದ ಕೂಡಲೇ ಹೊರಗಿನವರಿಗೆ ಪಿಸ್ತೂಲು, ಮನೆತನದ ಹಗೆ ನೆನಪಾಗುತ್ತದೆ. ಇಲ್ಲಿಯವರ ರಕ್ತವೇ ಬಿಸಿ ಅಂತ ಸುಮ್ನೆ ಹೇಳಿಬಿಡುತ್ತಾರೆ. ನಾನು ಒಪ್ಪಲ್ಲ. ನಾನು ನೋಡಿದ ಜಗಳಗಳಲ್ಲಿ ಜಾಸ್ತಿ ಶುರುವಾಗಿದ್ದು ಕಾಗದದಿಂದ.

ಉತಾರ, ಅಂದರೆ ಹೊಲದ ಪಹಣಿ, ಅಜ್ಜನ ಹೆಸರಲ್ಲಿ ಇರುತ್ತದೆ. ಮಕ್ಕಳು ಬಾಯಿಮಾತಲ್ಲೇ ಪಾಲು ಮಾಡಿಕೊಂಡಿರುತ್ತಾರೆ, ಪೋಡಿ, ಅಂದರೆ ಅಳತೆ ಮಾಡಿಸಿ ದಾಖಲೆಯಲ್ಲಿ ಪಾಲು ಬೇರೆ ಮಾಡಿಸೋದು, ಆಗಿರಲ್ಲ. ಮೊಮ್ಮಕ್ಕಳ ಕಾಲಕ್ಕೆ ಒಂದೇ ಉತಾರದಲ್ಲಿ ಹತ್ತಾರು ಹೆಸರು, ಯಾರದು ಎಲ್ಲಿ ಅನ್ನೋದಕ್ಕೆ ಬದು, ಬೇವಿನ ಗಿಡ, ಗಡಿಗೆ ನೆಟ್ಟ ಬಾಂದಕಲ್ಲು ಅಷ್ಟೇ ಗುರುತು. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟು ಭೀಮಾ ಉಕ್ಕಿದಾಗ ದಂಡೆಯ ಹೊಲಗಳಲ್ಲಿ ಆ ಗುರುತೂ ಹೋಯಿತು. ನೀರು ಇಳಿದ ಮೇಲೆ ಯಾರು ಮೊದಲು ಟ್ರ್ಯಾಕ್ಟರ್ ಹೊಡೆದರೋ ಅವರದೇ ಗೆರೆ.

ಇದಕ್ಕೆ ಕಬ್ಬು ಸೇರಿದರೆ ಮುಗೀತು. ಕಡಿದ ಕಬ್ಬು ದಿನ ಕಳೆದಂತೆ ತೂಕ ಇಳಿಯುತ್ತದೆ, ಕಟಾವು ಗ್ಯಾಂಗ್ ಕಾಯಲ್ಲ, ಮುಂದಿನ ಹೊಲದವನು ದಾರಿಗೆ ಅಡ್ಡ ಮುಳ್ಳುಕಂಟಿ ಹಾಕಿದ ಅಂದರೆ ಒಂದು ವರ್ಷದ ದುಡಿಮೆ ಅಲ್ಲೇ ನಿಂತಿತು. ಕೊಡಲಿ ಎತ್ತೋದು ಆವಾಗ.

ಪೊಲೀಸರು ಬರುತ್ತಾರೆ, ಎರಡೂ ಕಡೆಯವರು ತಹಶೀಲ್ದಾರರ ಮುಂದೆ ಇನ್ನು ಜಗಳ ಮಾಡಲ್ಲ ಅಂತ ಮುಚ್ಚಳಿಕೆ ಬರೆದುಕೊಡುತ್ತಾರೆ. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. 1959ರಲ್ಲಿ ಓಸ್ಲೋದಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಕಟ್ಟಿದ ಯೋಹಾನ್ ಗಾಲ್ಟುಂಗ್ ಹೊಡೆದಾಟ ನಿಂತಿರೋದು ಬೇರೆ, ಹೊಡೆದಾಟದ ಕಾರಣ ಹೋಗಿರೋದು ಬೇರೆ ಅಂತ ಶಾಂತಿಯನ್ನೇ ಎರಡು ಮಾಡಿದ್ದರು. ಮುಚ್ಚಳಿಕೆ ಕೊಡೋದು ಮೊದಲನೆಯದನ್ನು ಮಾತ್ರ. ಹಬ್ಬದ ಮುಂಚಿನ ಶಾಂತಿ ಸಭೆಗಳದ್ದೂ ಇದೇ ಕಥೆ. ಚಹಾ ಕುಡಿದು ಭಾಷಣ ಮಾಡೋರು ಹಿರಿಯರು, ಕಲ್ಲು ಎತ್ತೋ ಹುಡುಗರನ್ನು ಯಾರೂ ಕರೆದಿರಲ್ಲ.

ನಾನು ಮೊದಲಿಗೆ ಇಬ್ಬರನ್ನೂ ಒಟ್ಟಿಗೆ ಕೂರಿಸೋದೇ ಇಲ್ಲ. ಒಬ್ಬೊಬ್ಬರ ಮನೆಗೆ ಬೇರೆ ಬೇರೆ ಹೋಗುತ್ತೇನೆ. ತಪ್ಪು ಯಾರದು ಅಂತ ಕೇಳಿದರೆ ಉತ್ತರ ಗೊತ್ತೇ ಇದೆ ಅಲ್ವಾ, ಅದಕ್ಕೆ ಅವರ ಮನೆ ಮದುವೆಗೆ ನೀವು ಕೊನೆಗೆ ಹೋಗಿದ್ದು ಯಾವಾಗ ಅಂತ ಕೇಳುತ್ತೇನೆ. ಅಲ್ಲಿಂದ ನಿಜ ಕಥೆ ಬಿಚ್ಚಿಕೊಳ್ಳುತ್ತದೆ. ಒಬ್ಬ ಹಿರಿಯರು ನನಗೆ ಹೇಳಿದ್ದು ಇಷ್ಟೇ: "ಎರಡು ಮೊಳ ಹೊಲದ್ದ ಏನೈತ್ರೀ ಸರ, ಮಂದಿ ಮುಂದ ನಮ್ಮಪ್ಪಗ ಏಕವಚನದಾಗ ಬೈದಾನ." ಆ ಬೈಗುಳಕ್ಕೆ ಕೋರ್ಟಿನಲ್ಲಿ ದಾವೆ ಹಾಕೋಕೆ ಆಗಲ್ಲ, ಹೊಲಕ್ಕೆ ಹಾಕಬಹುದು. ಹೀಗಾಗಿ ಹೊಲದ ಮೇಲೆ ಹಾಕಿದ್ದರು. ವಕೀಲರ ಖರ್ಚು ಯಾರು ಕೊಡುತ್ತಿದ್ದಾರೆ ಅನ್ನೋದನ್ನೂ ವಿಚಾರಿಸುತ್ತೇನೆ. ಪಂಚಾಯ್ತಿ ಎಲೆಕ್ಷನ್ ಹತ್ತಿರ ಇದ್ದರೆ ಬೇರೆ ಯಾರದೋ ಕೈ ಕಾಣುತ್ತದೆ.

ಸಿಟ್ಟು ಸ್ವಲ್ಪ ಇಳಿದ ಮೇಲೆ ಹದ್ದುಬಸ್ತಿಗೆ, ಅಂದರೆ ಸರ್ವೇಯರ್ ಬಂದು ಹೊಲದ ಗಡಿ ಅಳೆದು ಗುರುತು ಮಾಡೋದಕ್ಕೆ, ಅರ್ಜಿ. ಇಬ್ಬರೂ ಸಹಿ ಮಾಡಬೇಕು, ಫೀ ಅರ್ಧರ್ಧ. ಒಬ್ಬನೇ ಕಟ್ಟಿದರೆ ಸರ್ವೇಯರ್ ಆ ಕಡೆಯವನು ಅನ್ನೋ ಮಾತು ಹುಟ್ಟುತ್ತದೆ. ಅಳತೆಯ ದಿನ ಹುಡುಗರನ್ನು, ಅವರ ಮೊಬೈಲನ್ನು ದೂರ ಇಡುತ್ತೇನೆ. ಎರಡೂ ಮನೆಗೆ ಸಲ್ಲುವ ಒಬ್ಬ ಸೋದರತ್ತೆಯನ್ನು ಗಂಡನ ಊರಿಂದ ಕರೆಸುತ್ತೇನೆ, ಅವಳ ಮುಂದೆ ಯಾರೂ ದನಿ ಏರಿಸಲ್ಲ. ಕಲ್ಲು ನೆಡೋ ಗುಂಡಿ ತೋಡೋಕೆ ಇಬ್ಬರೂ ಹಾರೆ ಹಿಡಿಯಬೇಕು. ಆಮೇಲೆ ಪೋಡಿ ಆಗಿ ಉತಾರ ಬೇರೆಯಾಗೋ ತನಕ ಬೆನ್ನು ಬಿಡಬಾರದು, ಬಿಟ್ಟರೆ ಮುಂದಿನ ತಲೆಮಾರಿಗೆ ಅದೇ ಜಗಳ. ಕಚೇರಿ ಅಲೆದಾಟದಲ್ಲೇ ನನ್ನ ಬಹಳ ಟೈಮ್ ಹೋಗುತ್ತದೆ.

ಎಲ್ಲ ಜಗಳಕ್ಕೂ ನಾನು ರಾಜಿಗೆ ಕೂರಲ್ಲ. ದಲಿತರ ಹೊಲ ಒತ್ತಿಕೊಂಡು, ಹೊಡೆದು, ಆಮೇಲೆ ಊರ ಹಿರಿಯರು ರಾಜಿ ಮಾಡಿಸಿ ಅಂತ ಬರುತ್ತಾರೆ. ಅದು ಸಮಬಲದವರ ಜಗಳ ಅಲ್ಲ, ಅದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತವಾಗಿ ಸಿಗುತ್ತಾರೆ, ಇದು ಎಷ್ಟೋ ಮನೆಗೆ ಗೊತ್ತಿರಲ್ಲ. ಅಂಥ ಕಡೆ ನಾನು ಹೋಗೋದು ದೂರು ಬರೆಯೋಕೆ, ಸ್ಟೇಷನ್ನಿಗೆ ಜೊತೆಗೆ ನಡೆಯೋಕೆ.